ಗೇಣಿ, ಬಾಡಿಗೆ ಮತ್ತು ಸರ್ಕಾರದ ನೆರವು: ಕೋಲಾರ ಸೀಮೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಸರ್ಕಾರ ದೊಡ್ಡ ಮಟ್ಟದಲ್ಲಿ ಕೈಹಾಕಿದ್ದು ಮನೆ ಬಾಡಿಗೆಗಲ್ಲ, ಹೊಲದ ಗೇಣಿಗೆ. ಹಳೆ ಮೈಸೂರಿನ ಇನಾಂ, ಜೋಡಿ ಗ್ರಾಮಗಳಿಗೆ 1954 ಮತ್ತು 1955ರ ಇನಾಂ ರದ್ದಿಯಾತಿ ಕಾಯ್ದೆಗಳು ಮೊದಲ ಪೆಟ್ಟು ಕೊಟ್ಟವು.

ನಿಜವಾದ ತಿರುವು ಮುಖ್ಯಮಂತ್ರಿ ದೇವರಾಜ ಅರಸು ಕಾಲದ್ದು. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಜಮೀನೆಲ್ಲ ಸರ್ಕಾರದ ಹೆಸರಿಗಾಯಿತು. ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಗಡುವು ಮುಂದಕ್ಕೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ವಿಚಾರಣೆ ಭೂ ನ್ಯಾಯಮಂಡಳಿಯದು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಕಾಯ್ದೆ ವಕೀಲರನ್ನು ಹೊರಗಿಟ್ಟಿತ್ತು. ಎಲ್ಲರ ಕಣ್ಣು ಪಹಣಿಯ ಸಾಗುವಳಿದಾರರ ಕಲಂ ಮೇಲೆ. ಅಲ್ಲಿ ಹೆಸರಿದ್ದವನ ಕೈ ಮೇಲು. ಬಾಯಿಮಾತಿನ ಮೇಲೆ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಉತ್ತವನು ರಸೀದಿ ಎಲ್ಲಿಂದ ತರಬೇಕು? ಜಮೀನು ಕಳೆದುಕೊಂಡ ಮಾಲೀಕರಿಗೆ ಪರಿಹಾರ, ದೇವಸ್ಥಾನಗಳಿಗೆ ವರ್ಷಾಶನ ಗೊತ್ತಾಯಿತು.

ಪಟ್ಟಣಗಳ ಕಥೆ ಸಣ್ಣದು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ 1999ರ ಕಾಯ್ದೆ 2001ರ ಡಿಸೆಂಬರ್ 31ರಿಂದ ಬಂತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸದು. ಇಂದಿನ ದರದಲ್ಲಿ ನರಸಾಪುರ, ಮಾಲೂರು ಕೈಗಾರಿಕಾ ಪ್ರದೇಶದ ಕಾರ್ಮಿಕರಿಗೆ ಅದರಿಂದ ಸಿಗುವ ಆಸರೆ ಅಷ್ಟಕ್ಕಷ್ಟೆ.

ಕೋವಿಡ್ ಬಂದಾಗ, 2020ರ ಮಾರ್ಚ್ 29ರಂದು, ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತು. ಹೊರೆ ಬಿದ್ದದ್ದು ಮಾಲೀಕರ ಮೇಲೆ. ಸಾಲ ಮಾಡಿ ಮನೆ ಕಟ್ಟಿದವರಿಗೆ ಸಿಕ್ಕಿದ್ದು ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡುವ ಅವಕಾಶ. ಬಡ್ಡಿ ಮಾತ್ರ ನಿಲ್ಲಲಿಲ್ಲ. 2023ರ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತನ್ನು ಬಾಡಿಗೆದಾರರಿಗೂ ಕೊಟ್ಟಿತು. ಮನೆ ಬದಲಿಸಿದವರು ಹಳೆ ಮೀಟರ್‌ನಿಂದ ಆಧಾರ್ ಬಿಡಿಸಿಕೊಳ್ಳುವ ವ್ಯವಸ್ಥೆ ಆಮೇಲೆ ಬಂತು.

ಹೊಲ ಗೇಣಿಗೆ ಕೊಡುವುದಕ್ಕೆ ಕಾಯ್ದೆಯ ತಡೆ ಇದ್ದರೂ ಗುತ್ತಿಗೆ ನಿಂತಿಲ್ಲ, ಕಾಗದದಿಂದ ಮಾಯವಾಗಿದೆ ಅಷ್ಟೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಫಸಲಿನ ಗುತ್ತಿಗೆ ಮಾಮೂಲು. ಅಡ್ವಾನ್ಸ್ ಕೊಟ್ಟು, ಬಾಕಿ ಕಾಯಿ ಕಿತ್ತ ಮೇಲೆ ಎಂದು ಮಾತಾದಾಗ, ಬೆಲೆ ಕುಸಿದರೆ ಗುತ್ತಿಗೆದಾರನ ಜೊತೆ ತೋಪಿನವನೂ ಮುಳುಗುತ್ತಾನೆ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆ ಕರ್ನಾಟಕದ ತೋತಾಪುರಿ ಮಾವಿಗೆ ಬಾಗಿಲು ಹಾಕಿತು. ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು. ಕೇಂದ್ರವು 2.5 ಲಕ್ಷ ಟನ್‌ವರೆಗೆ, ಕ್ವಿಂಟಲ್‌ಗೆ 1,616 ರೂಪಾಯಿ ಆಧಾರದಲ್ಲಿ ಬೆಲೆ ವ್ಯತ್ಯಾಸದ ಹಣಕ್ಕೆ ಒಪ್ಪಿತು. ಖರ್ಚು ಕೇಂದ್ರ, ರಾಜ್ಯಗಳಿಗೆ ಸಮಪಾಲು. ಆದರೆ ಕಾಗದದಲ್ಲಿಲ್ಲದ ಗುತ್ತಿಗೆದಾರನಿಗೆ ಇಂಥ ನೆರವು ದೂರ: ರೈತರ ಗುರುತಿಗೆ ರಾಜ್ಯ ಬಳಸುವ 'ಫ್ರೂಟ್ಸ್' ತಂತ್ರಾಂಶ ಪಹಣಿಗೆ ಜೋಡಣೆಯಾಗಿದೆ. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಹಣವೂ ಜಮೀನು ಹೆಸರಲ್ಲಿರುವ ಕುಟುಂಬಕ್ಕೇ ಸಲ್ಲುತ್ತದೆ, ಗುತ್ತಿಗೆಗೆ ಉಳುವವರಿಗಲ್ಲ.