ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ, ಮೈದನಹಳ್ಳಿ: ಭೇಟಿ ಹಾಗೂ ಸಂರಕ್ಷಣೆ ಕುರಿತು ಸಾರ್ವಜನಿಕ ಮಾಹಿತಿ

ತುಮಕೂರು ಜಿಲ್ಲೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಇರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವು ಜಿಲ್ಲೆಯಲ್ಲಿ ಉಳಿದುಬಂದಿರುವ ನೈಸರ್ಗಿಕ ಹುಲ್ಲುಗಾವಲುಗಳಲ್ಲಿ ಪ್ರಮುಖವಾದುದು. ಇಲ್ಲಿಗೆ ಭೇಟಿ ನೀಡಲು ಇಚ್ಛಿಸುವ ನಾಗರಿಕರು, ವಿದ್ಯಾರ್ಥಿ ತಂಡಗಳು, ಸಸಿ ನೆಡುವ ಕಾರ್ಯಕ್ರಮಕ್ಕೆ ಅನುಮತಿ ಕೋರುವ ಸಂಘ ಸಂಸ್ಥೆಗಳು ಹಾಗೂ ಬೆಳೆ ಹಾನಿಗೆ ಪರಿಹಾರ ಕೋರುವ ಸುತ್ತಲಿನ ರೈತರ ಅವಗಾಹನೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಪರಿಚಯ

ಸದರಿ ಪ್ರದೇಶವು 798 ಎಕರೆ, ಅಂದರೆ ಸುಮಾರು 323 ಹೆಕ್ಟೇರ್ ವಿಸ್ತೀರ್ಣ ಹೊಂದಿದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿಯಿಂದ ಇದಕ್ಕೆ ಈ ಹೆಸರು ಬಂದಿದೆ. 2007ರಲ್ಲಿ ರಾಜ್ಯ ಸರ್ಕಾರವು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅಡಿಯಲ್ಲಿ ಇದನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಘೋಷಣೆಗೆ ಮುನ್ನ ತುಮಕೂರಿನ ವನ್ಯಜೀವಿ ಆಸಕ್ತರು ಹಲವು ವರ್ಷ ಇಲ್ಲಿನ ಪ್ರಾಣಿಪಕ್ಷಿಗಳನ್ನು ಗಮನಿಸಿ ದಾಖಲಿಸಿದ್ದರು.

ರಾಜ್ಯದಲ್ಲಿ ಕೃಷ್ಣಮೃಗಗಳಿಗೆ ಹೆಸರಾದ ಇನ್ನೊಂದು ತಾಣ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ವನ್ಯಜೀವಿಧಾಮ. 1974ರಲ್ಲಿ ರಚನೆಯಾದ ಅದರ ವಿಸ್ತೀರ್ಣ 119 ಚದರ ಕಿಲೋಮೀಟರ್. ಅದರೊಡನೆ ಹೋಲಿಸಿದರೆ ಮೈದನಹಳ್ಳಿಯ ಹುಲ್ಲುಗಾವಲು ಬಹಳ ಚಿಕ್ಕದು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಡೆದು ಹೋಗಬಹುದಾದಷ್ಟು. ಆದರೂ ರಾಜ್ಯದ ದೊಡ್ಡ ಕೃಷ್ಣಮೃಗ ಸಮೂಹಗಳಲ್ಲೊಂದು ಇಲ್ಲಿ ನೆಲೆಸಿದೆ. ಸುತ್ತಲೂ ಹೊಲಗಳು ಮತ್ತು ಹಳ್ಳಿಗಳು ಇರುವುದರಿಂದ ಇಲ್ಲಿ ಕಳೆದುಹೋದ ಹುಲ್ಲುನೆಲಕ್ಕೆ ಪ್ರತಿಯಾಗಿ ಬೇರೆ ನೆಲ ದೊರೆಯುವುದಿಲ್ಲ.

2. ಹುಲ್ಲುಗಾವಲು ಪಾಳು ಭೂಮಿಯಲ್ಲ

ಮರಗಳಿಲ್ಲದ ನೆಲವನ್ನು "ಬೀಳು", "ಖರಾಬು" ಎಂದು ಕರೆಯುವುದು ರೂಢಿಯಾಗಿದೆ. ಆದರೆ ಮಳೆ ಕಡಿಮೆ ಬೀಳುವ ಮಧುಗಿರಿ, ಪಾವಗಡ, ಶಿರಾ ಸೀಮೆಯ ಬಯಲಿನಲ್ಲಿ ಹುಲ್ಲುಗಾವಲು ಎಂಬುದು ಕಾಡು ಹಾಳಾಗಿ ಉಳಿದ ನೆಲವಲ್ಲ. ಅದು ತನ್ನದೇ ಗಿಡ, ಪ್ರಾಣಿ, ಪಕ್ಷಿ, ಕೀಟಗಳನ್ನು ಹೊಂದಿರುವ ಸ್ವತಂತ್ರ ನೈಸರ್ಗಿಕ ವ್ಯವಸ್ಥೆ. ಹುಲ್ಲಿನ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ, ಮಳೆಯ ನೀರನ್ನು ನೆಲಕ್ಕೆ ಇಳಿಸುತ್ತವೆ ಮತ್ತು ಇಂಗಾಲವನ್ನು ಮಣ್ಣಿನೊಳಗೆ ಸಂಗ್ರಹಿಸುತ್ತವೆ.

ನಮ್ಮ ನಾಡಿನಲ್ಲಿ ಹುಲ್ಲುಗಾವಲನ್ನು ಕಾಯುವ ಪರಂಪರೆ ಹಳೆಯದು. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳ ಮೇವಿಗಾಗಿ ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಮೊದಲಾದ ಕಡೆಗಳಲ್ಲಿ ಕಾವಲುಗಳನ್ನು ಕಾಯ್ದಿರಿಸಲಾಗಿತ್ತು. ಈ ಕಾವಲುಗಳಲ್ಲಿ ದನಗಳ ಜೊತೆಗೆ ಕೃಷ್ಣಮೃಗ, ತೋಳ, ನರಿಗಳೂ ಉಳಿದವು. ಕಾಲಾನಂತರದಲ್ಲಿ ಕಾವಲುಗಳ ಬಹುಭಾಗ ಸಾಗುವಳಿಗೆ, ನೆಡುತೋಪುಗಳಿಗೆ ಮತ್ತು ಇತರ ಯೋಜನೆಗಳಿಗೆ ಹಂಚಿಹೋಯಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ತುಮಕೂರು ಜಿಲ್ಲೆಯಲ್ಲಿಯೇ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರ ವನ್ಯಜೀವಿಧಾಮ ರಚನೆಯಾಯಿತು.

3. ಇಲ್ಲಿ ಕಾಣಸಿಗುವ ವನ್ಯಜೀವಿಗಳು

ಕೃಷ್ಣಮೃಗ: ಇದು ಜಿಂಕೆಯಲ್ಲ. ಜಿಂಕೆಗಳ ಕೊಂಬು ಕವಲೊಡೆದು ಆಗಾಗ ಉದುರಿ ಹೊಸದಾಗಿ ಬೆಳೆಯುತ್ತದೆ; ಕೃಷ್ಣಮೃಗದ ಕೊಂಬು ಕವಲಿಲ್ಲದೆ ತಿರುಪಿನಂತೆ ಸುತ್ತಿಕೊಂಡು ಜೀವನಪೂರ್ತಿ ಉಳಿಯುತ್ತದೆ. ಬೆಳೆದ ಗಂಡಿನ ಮೈ ಮೇಲ್ಭಾಗದಲ್ಲಿ ಕಪ್ಪು ಅಥವಾ ಕಡುಗಂದು, ಹೊಟ್ಟೆ ಮತ್ತು ಕಣ್ಣಿನ ಸುತ್ತ ಬಿಳುಪು. ಹೆಣ್ಣು ಮತ್ತು ಮರಿಗಳ ಮೈ ತಿಳಿಗಂದು. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿರುವುದಿಲ್ಲ. ಅಪಾಯ ಕಂಡಾಗ ಇವು ಪೊದೆಗಳಲ್ಲಿ ಅಡಗುವುದಿಲ್ಲ. ದೂರದಿಂದಲೇ ಶತ್ರುವನ್ನು ಕಂಡು, ಗಂಟೆಗೆ 80 ಕಿಲೋಮೀಟರಿನಷ್ಟು ವೇಗದಲ್ಲಿ ಓಡಿ ಪಾರಾಗುತ್ತವೆ. ಆದುದರಿಂದ ಕಣ್ಣಿಗೆ ಅಡ್ಡವಿಲ್ಲದ ಬಯಲೇ ಇವುಗಳ ರಕ್ಷಣೆ. ಹೆಣ್ಣು ಸುಮಾರು 6 ತಿಂಗಳು ಗರ್ಭ ಧರಿಸಿ ಸಾಮಾನ್ಯವಾಗಿ ಒಂದೇ ಮರಿಗೆ ಜನ್ಮ ನೀಡುತ್ತದೆ. ಕೃಷ್ಣಮೃಗವು ಅಧಿನಿಯಮದ ಅನುಸೂಚಿ 1ರಲ್ಲಿ ಸೇರಿರುವ, ಅತ್ಯುನ್ನತ ರಕ್ಷಣೆಗೆ ಒಳಪಟ್ಟ ಪ್ರಾಣಿ. ನೆರೆಯ ಆಂಧ್ರಪ್ರದೇಶದ ರಾಜ್ಯ ಪ್ರಾಣಿಯೂ ಇದೇ ಆಗಿದೆ.

ಇತರ ಪ್ರಾಣಿಗಳು: ನರಿ, ಗುಳ್ಳೆನರಿ, ಕಾಡುಬೆಕ್ಕು, ಮೊಲ, ಮುಂಗುಸಿ. ಕೊಳಕುಮಂಡಲ ಸೇರಿದಂತೆ ಹಾವುಗಳಿರುವುದರಿಂದ ಹುಲ್ಲಿನಲ್ಲಿ ನಡೆಯುವಾಗ ಎಚ್ಚರಿಕೆ ಅಗತ್ಯ.

ಪಕ್ಷಿಗಳು: ನೆಲಗುಬ್ಬಿಗಳು, ಟಿಟ್ಟಿಭ, ಗೌಜಲಕ್ಕಿ, ರಾಮದಾಸ ಹದ್ದು ಮುಂತಾದವು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹ್ಯಾರಿಯರ್ ಎಂದು ಕರೆಯಲಾಗುವ ಸೆಳೆವ ಹದ್ದುಗಳು ವಲಸೆ ಬರುತ್ತವೆ. ಇವು ಮರದ ಮೇಲೆ ಅಲ್ಲದೆ ನೆಲದ ಮೇಲೆ, ಹುಲ್ಲಿನ ನಡುವೆ ರಾತ್ರಿ ತಂಗುತ್ತವೆ. ನೆಲಗುಬ್ಬಿ, ಟಿಟ್ಟಿಭಗಳೂ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ.

4. ತಲುಪುವ ಮಾರ್ಗ

• ಹಿರೇಹಳ್ಳಿಯಿಂದ: ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರಿಗೆ ಬಂದು, ಅಲ್ಲಿಂದ ಕೊರಟಗೆರೆ, ಮಧುಗಿರಿ ಮೂಲಕ ಮೈದನಹಳ್ಳಿ ತಲುಪಬಹುದು. ಒಟ್ಟು ದೂರ ಸುಮಾರು 80 ಕಿಲೋಮೀಟರ್.
• ಗುಬ್ಬಿ ಮತ್ತು ಕುಣಿಗಲ್ ಕಡೆಯಿಂದ: ತುಮಕೂರಿಗೆ ಬಂದು ಮೇಲ್ಕಂಡ ಮಾರ್ಗವನ್ನೇ ಅನುಸರಿಸುವುದು.
• ಬಸ್ಸಿನಲ್ಲಿ ಬರುವವರು ಮಧುಗಿರಿಯಲ್ಲಿ ಇಳಿದು ಮುಂದಿನ ವಾಹನ ಸೌಕರ್ಯವನ್ನು ವಿಚಾರಿಸುವುದು. ಮರಳುವ ಬಸ್ಸಿನ ವೇಳೆಯನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

5. ಭೇಟಿಗೆ ಸೂಕ್ತ ಕಾಲ

ಕೃಷ್ಣಮೃಗಗಳನ್ನು ವರ್ಷವಿಡೀ ಕಾಣಬಹುದು. ಮುಂಗಾರಿನ ನಂತರ ಹುಲ್ಲು ಹಸಿರಾಗಿರುತ್ತದೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ವಲಸೆ ಹದ್ದುಗಳನ್ನು ನೋಡಲು ಅನುಕೂಲ. ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ಪ್ರಾಣಿಗಳು ಮೇಯುತ್ತಿರುತ್ತವೆ. ಬಯಲಿನಲ್ಲಿ ನೆರಳು ಕಡಿಮೆ ಇರುವುದರಿಂದ ಕುಡಿಯುವ ನೀರು ಮತ್ತು ಟೋಪಿಯನ್ನು ಜೊತೆಗೆ ತರುವುದು. ಪ್ರಾಣಿಗಳನ್ನು ದೂರದಿಂದ ವೀಕ್ಷಿಸಲು ಇಲ್ಲಿರುವ ವೀಕ್ಷಣಾ ಗೋಪುರವನ್ನು ಬಳಸಬಹುದು.

6. ಅನುಮತಿಗಾಗಿ ಅರ್ಜಿ

ಭೇಟಿಗೆ ಮುನ್ನ ಮಧುಗಿರಿಯ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಪ್ರವೇಶದ ವೇಳೆ ಮತ್ತು ಶುಲ್ಕವನ್ನು ಖಚಿತಪಡಿಸಿಕೊಳ್ಳಲು ಕೋರಲಾಗಿದೆ. ಪಾವತಿಸಿದ ಶುಲ್ಕಕ್ಕೆ ತಪ್ಪದೆ ರಸೀದಿ ಪಡೆಯುವುದು.

ಶಾಲಾ ಕಾಲೇಜುಗಳ ತಂಡಗಳು ಸಂಸ್ಥೆಯ ಮುಖ್ಯಸ್ಥರ ಸಹಿ ಇರುವ ಅರ್ಜಿಯಲ್ಲಿ ಈ ಕೆಳಕಂಡ ವಿವರಗಳನ್ನು ನಮೂದಿಸುವುದು ಸೂಕ್ತ:

(ಅ) ಭೇಟಿಯ ದಿನಾಂಕ ಮತ್ತು ವೇಳೆ
(ಆ) ವಿದ್ಯಾರ್ಥಿಗಳ ಮತ್ತು ಜೊತೆಗಿರುವ ಶಿಕ್ಷಕರ ಸಂಖ್ಯೆ
(ಇ) ವಾಹನಗಳ ಸಂಖ್ಯೆ
(ಈ) ಭೇಟಿಯ ಉದ್ದೇಶ
(ಉ) ತಂಡದ ಹೊಣೆ ಹೊತ್ತವರ ಹೆಸರು ಮತ್ತು ದೂರವಾಣಿ ಸಂಖ್ಯೆ

ಸಂಶೋಧನೆ, ಚಲನಚಿತ್ರ ಅಥವಾ ಸಾಕ್ಷ್ಯಚಿತ್ರದ ಚಿತ್ರೀಕರಣ ಹಾಗೂ ಡ್ರೋನ್ ಬಳಕೆಗೆ ಭೇಟಿಯ ಅನುಮತಿ ಸಾಲದು. ಇವುಗಳಿಗೆ ಮೇಲಧಿಕಾರಿಗಳಿಂದ ಪ್ರತ್ಯೇಕ ಪೂರ್ವಾನುಮತಿ ಅಗತ್ಯ. ಡ್ರೋನ್ ಸದ್ದಿಗೆ ಹಿಂಡು ಚದುರಿ, ಬೇಲಿಗಳಿಗೆ ಸಿಕ್ಕಿಬೀಳುವ ಸಂಭವವಿರುತ್ತದೆ.

7. ಕಾನೂನಿನ ಉಪಬಂಧಗಳು

ಸಂರಕ್ಷಣಾ ಮೀಸಲು ಪ್ರದೇಶವು ರಾಷ್ಟ್ರೀಯ ಉದ್ಯಾನಕ್ಕಿಂತ ಭಿನ್ನವಾದುದು. 2002ರ ತಿದ್ದುಪಡಿಯ ಮೂಲಕ ಅಧಿನಿಯಮಕ್ಕೆ ಸೇರಿದ ಕಲಂ 36-ಎ ಪ್ರಕಾರ, ಸ್ಥಳೀಯ ಸಮುದಾಯಗಳೊಡನೆ ಸಮಾಲೋಚಿಸಿದ ನಂತರ ಸರ್ಕಾರದ ಒಡೆತನದ ಭೂಮಿಯನ್ನು ಮಾತ್ರ ಹೀಗೆ ಘೋಷಿಸಲಾಗುತ್ತದೆ. ನಿರ್ವಹಣೆಗೆ ಸಲಹೆ ನೀಡಲು ಕಲಂ 36-ಬಿ ಅನ್ವಯ ಸಮಿತಿಯೊಂದಕ್ಕೆ ಅವಕಾಶವಿದ್ದು, ಅದರಲ್ಲಿ ಅರಣ್ಯ ಇಲಾಖೆಯ ಪ್ರತಿನಿಧಿ, ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿರುವ ಸ್ವಯಂಸೇವಾ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಪಾಲನಾ ಇಲಾಖೆಗಳಿಂದ ತಲಾ ಒಬ್ಬರು ಇರುತ್ತಾರೆ. ಸುತ್ತಲಿನ ಗ್ರಾಮಸ್ಥರು ತಮ್ಮ ಅಹವಾಲುಗಳನ್ನು ಪಂಚಾಯಿತಿಯ ಪ್ರತಿನಿಧಿಯ ಮೂಲಕವೂ ಸಲ್ಲಿಸಬಹುದು.

ಮೀಸಲು ಪ್ರದೇಶದಲ್ಲಿ ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು, ಗಡಿ ಕಲ್ಲುಗಳನ್ನು ಕೀಳುವುದು, ವನ್ಯಜೀವಿಗಳಿಗೆ ಹಾನಿಕರವಾದ ರಾಸಾಯನಿಕ ಅಥವಾ ಸ್ಫೋಟಕ ಬಳಸುವುದು ನಿಷಿದ್ಧ. ಅನುಸೂಚಿ 1ರ ಪ್ರಾಣಿಯ ಬೇಟೆಗೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷಗಳವರೆಗಿನ ಕಾರಾಗೃಹ ವಾಸ ಮತ್ತು, 2022ರ ತಿದ್ದುಪಡಿಯ ನಂತರ, ರೂ. 25,000ಕ್ಕೆ ಕಡಿಮೆಯಿಲ್ಲದ ದಂಡ ವಿಧಿಸಲು ಅವಕಾಶವಿದೆ.

8. ಸಂದರ್ಶಕರು ಪಾಲಿಸಬೇಕಾದ ನಿಯಮಗಳು

• ವಾಹನವನ್ನು ದಾರಿಯಲ್ಲಿಯೇ ನಡೆಸುವುದು. ಹುಲ್ಲಿನ ಮೇಲೆ ಓಡಿಸಿದರೆ ನೆಲದ ಮೇಲಿನ ಗೂಡು ಮತ್ತು ಮೊಟ್ಟೆಗಳು ನಾಶವಾಗುತ್ತವೆ.
• ಛಾಯಾಚಿತ್ರಕ್ಕಾಗಿ ಹಿಂಡನ್ನು ಬೆನ್ನಟ್ಟಬಾರದು. ತುಂಬು ಗರ್ಭಿಣಿ ಹೆಣ್ಣುಗಳಿಗೆ ಮತ್ತು ಎಳೆಯ ಮರಿಗಳಿಗೆ ಇದು ಮಾರಕವಾಗಬಹುದು.
• ಸಾಕುನಾಯಿಗಳನ್ನು ಕರೆತರಬಾರದು.
• ಬೇಸಿಗೆಯಲ್ಲಿ ಹುಲ್ಲು ಒಣಗಿರುವುದರಿಂದ ಬೀಡಿ, ಸಿಗರೇಟು, ಅಡುಗೆಯ ಒಲೆ ಸಂಪೂರ್ಣ ನಿಷಿದ್ಧ.
• ಉಳಿದ ಆಹಾರವನ್ನು ಎಸೆಯಬಾರದು. ಆಹಾರದ ಆಸೆಗೆ ಬರುವ ಬೀದಿನಾಯಿಗಳು ಗುಂಪುಗೂಡಿ ಕೃಷ್ಣಮೃಗದ ಮರಿಗಳನ್ನು ಕೊಲ್ಲುತ್ತವೆ.
• ತಂದ ಪ್ಲಾಸ್ಟಿಕ್ ಬಾಟಲಿ, ಚೀಲಗಳನ್ನು ಮರಳಿ ಒಯ್ಯುವುದು.

9. ಸುತ್ತಲಿನ ರೈತರ ಗಮನಕ್ಕೆ

ಕೃಷ್ಣಮೃಗಗಳು ಗಡಿಯನ್ನು ಅರಿಯವು. ಬೆಳೆ ಇರುವ ಕಾಲದಲ್ಲಿ ಅವು ರಾಗಿ, ಕಡಲೆಕಾಯಿ ಹೊಲಗಳಿಗೆ ಬರುವುದುಂಟು. ಹುಲ್ಲುಗಾವಲನ್ನು ಕಾಯುವ ಭಾರ ಸುತ್ತಲಿನ ಸಣ್ಣ ಹಿಡುವಳಿದಾರರ ಮೇಲೆಯೇ ಬೀಳಬಾರದು ಎಂಬುದು ಪರಿಹಾರ ವ್ಯವಸ್ಥೆಯ ಉದ್ದೇಶ.

ಬೆಳೆ ಹಾನಿಯಾದಲ್ಲಿ ತಡಮಾಡದೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಸಲ್ಲಿಸುವುದು. ಪಹಣಿ, ಹಾನಿಯಾದ ಬೆಳೆಯ ಛಾಯಾಚಿತ್ರ, ಆಧಾರ್ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು. ಸಿಬ್ಬಂದಿ ಸ್ಥಳಕ್ಕೆ ಬಂದು ಮಹಜರು ನಡೆಸುವವರೆಗೆ ಹಾನಿಯಾದ ಭಾಗವನ್ನು ಉಳುಮೆ ಮಾಡದೆ ಹಾಗೆಯೇ ಬಿಡುವುದು. ಪರಿಹಾರದ ಮೊತ್ತವನ್ನು ಆಗ ಜಾರಿಯಲ್ಲಿರುವ ಸರ್ಕಾರದ ಆದೇಶದಂತೆ ನಿಗದಿಪಡಿಸಲಾಗುತ್ತದೆ. ಅರ್ಜಿಗೆ ಸ್ವೀಕೃತಿ ಪಡೆಯುವುದು ಅರ್ಜಿದಾರರ ಹಕ್ಕು.

ಹೊಲದ ಬೇಲಿಗೆ ವಿದ್ಯುತ್ ಮಾರ್ಗದಿಂದ ನೇರ ಸಂಪರ್ಕ ಕೊಡುವುದು ಅಪರಾಧ. ಇಂತಹ ತಂತಿಗೆ ಪ್ರಾಣಿಗಳಂತೆಯೇ ಮನುಷ್ಯರೂ ಬಲಿಯಾಗುತ್ತಾರೆ. ಜಾನುವಾರುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುವುದರಿಂದ ದನಗಳಿಗೂ ಕೃಷ್ಣಮೃಗಗಳಿಗೂ ರಕ್ಷಣೆ ದೊರೆಯುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಸಂಘದ ವತಿಯಿಂದ ಮೀಸಲು ಪ್ರದೇಶದಲ್ಲಿ ಸಸಿ ನೆಡಬಹುದೇ?
ಉತ್ತರ: ತಮ್ಮ ಉದ್ದೇಶ ಶ್ಲಾಘನೀಯ, ಆದರೆ ಸ್ಥಳ ಇದಲ್ಲ. ಮರದ ನೆರಳಿನಲ್ಲಿ ಹುಲ್ಲು ಸೊರಗುತ್ತದೆ, ಬಯಲು ಮುಚ್ಚಿದಂತೆ ಕೃಷ್ಣಮೃಗಗಳು ದೂರದ ಅಪಾಯವನ್ನು ಕಾಣಲಾರವು, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಜಾಗ ಬಿಡುತ್ತವೆ. ಹಿಂದೆ ನೆಟ್ಟ ನೀಲಗಿರಿ ಮತ್ತು ಅಕೇಶಿಯಾ ಗಿಡಗಳು ಇಲ್ಲಿ ಈಗಲೂ ಕಾಣಸಿಗುತ್ತವೆ. ಸಸಿಗಳನ್ನು ಶಾಲಾ ಆವರಣ, ರಸ್ತೆ ಬದಿ ಅಥವಾ ಸ್ವಂತ ಜಮೀನಿನಲ್ಲಿ ನೆಡುವುದು ಸೂಕ್ತ. ರೈತರು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ಸಸಿ ಮತ್ತು ಪ್ರೋತ್ಸಾಹಧನ ಪಡೆಯಬಹುದು. ಹುಲ್ಲುಗಾವಲಿಗೆ ಸೇವೆ ಸಲ್ಲಿಸಲು ಇಚ್ಛಿಸುವವರು ಬಳ್ಳಾರಿ ಜಾಲಿ, ಲಾಂಟಾನದಂತಹ ಕಳೆಗಳನ್ನು ತೆಗೆಯುವ ಅಥವಾ ಪ್ಲಾಸ್ಟಿಕ್ ಹೆಕ್ಕುವ ಶ್ರಮದಾನಕ್ಕೆ ಕಚೇರಿಯ ಅನುಮತಿ ಕೋರಬಹುದು.

ಪ್ರಶ್ನೆ: ಹುಲ್ಲಿನಲ್ಲಿ ಒಂಟಿ ಮರಿ ಕಂಡರೆ ಏನು ಮಾಡಬೇಕು?
ಉತ್ತರ: ಮುಟ್ಟಬಾರದು, ಎತ್ತಿಕೊಳ್ಳಬಾರದು. ಹುಟ್ಟಿದ ಮೊದಲ ದಿನಗಳಲ್ಲಿ ಮರಿಯು ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತದೆ. ತಾಯಿ ದೂರದಲ್ಲಿ ಮೇಯುತ್ತಾ, ಹಾಲೂಡಿಸಲು ಮರಳಿ ಬರುತ್ತದೆ. ಜನರು ಹತ್ತಿರ ನಿಂತಿರುವವರೆಗೆ ತಾಯಿ ಬಾರದು. ಅನಾಥವೆಂದು ಭಾವಿಸಿ ಮನೆಗೆ ಒಯ್ದರೆ ಮರಿ ಬದುಕುವುದು ಕಷ್ಟ. ಅದನ್ನು ಇಟ್ಟುಕೊಳ್ಳುವುದು ಅಪರಾಧವೂ ಹೌದು. ಮರಿ ಗಾಯಗೊಂಡಿದ್ದರೆ ಮಾತ್ರ ದೂರ ಸರಿದು ಸಿಬ್ಬಂದಿಗೆ ತಿಳಿಸುವುದು.

ಪ್ರಶ್ನೆ: ಬೆಂಕಿ, ಬೇಟೆ ಅಥವಾ ನಾಯಿಗಳ ದಾಳಿ ಕಂಡುಬಂದಲ್ಲಿ ಯಾರಿಗೆ ತಿಳಿಸಬೇಕು?
ಉತ್ತರ: ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡುವುದು. ತುರ್ತು ಸಂದರ್ಭದಲ್ಲಿ 112ಕ್ಕೂ ಕರೆ ಮಾಡಬಹುದು. ಸ್ಥಳ, ವೇಳೆ ಮತ್ತು ವಾಹನವಿದ್ದಲ್ಲಿ ಅದರ ಸಂಖ್ಯೆಯನ್ನು ತಿಳಿಸುವುದು. ಬೇಟೆಗಾರರನ್ನು ತಾವಾಗಿಯೇ ತಡೆಯಲು ಮುಂದಾಗಬಾರದು.

ಪ್ರಶ್ನೆ: ನಮ್ಮ ಊರಿನ ಗೋಮಾಳದಲ್ಲಿಯೂ ಇಂತಹ ಹುಲ್ಲುಗಾವಲಿದೆ. ಅದನ್ನು ಉಳಿಸಿಕೊಳ್ಳುವುದು ಹೇಗೆ?
ಉತ್ತರ: ಮೊದಲು ಗೋಮಾಳದ ಸರ್ವೆ ಸಂಖ್ಯೆ ಮತ್ತು ವಿಸ್ತೀರ್ಣವನ್ನು ಕಂದಾಯ ದಾಖಲೆಗಳಿಂದ ಪಡೆದು, ಒತ್ತುವರಿ ಕಂಡುಬಂದಲ್ಲಿ ತಹಶೀಲ್ದಾರರಿಗೆ ಲಿಖಿತ ಮನವಿ ಸಲ್ಲಿಸುವುದು. ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ ನಿರ್ಣಯ ಕೈಗೊಳ್ಳುವುದು. ಅಲ್ಲಿ ಕಾಣುವ ಪ್ರಾಣಿಪಕ್ಷಿಗಳ ಪಟ್ಟಿಯನ್ನು ಋತುವಾರು ಬರೆದಿಡುವುದು. ಮೈದನಹಳ್ಳಿಯ ರಕ್ಷಣೆಯೂ ಇಂತಹ ದಾಖಲೆಗಳ ಬಲದಿಂದಲೇ ಸಾಧ್ಯವಾಯಿತು.

ಹೆಚ್ಚಿನ ಮಾಹಿತಿಗಾಗಿ ವಲಯ ಅರಣ್ಯಾಧಿಕಾರಿಗಳು, ಮಧುಗಿರಿ, ಅಥವಾ ಉಪ ಅರಣ್ಯ ಸಂರಕ್ಷಣಾಧಿಕಾರಿಗಳು, ತುಮಕೂರು ವಿಭಾಗ, ಇವರ ಕಚೇರಿಯನ್ನು ಕೆಲಸದ ದಿನಗಳಂದು ಸಂಪರ್ಕಿಸಬಹುದು. ಉಳಿದಿರುವ ಈ ಚಿಕ್ಕ ಹುಲ್ಲುಗಾವಲಿನ ರಕ್ಷಣೆಯಲ್ಲಿ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.