ಚಿನ್ನದ ಗಣಿಯಿಂದ ನರಸಾಪುರಕ್ಕೆ: ಒಂದು ಮುದ್ರೆಯ ಚರಿತ್ರೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಇನ್ನು ಕೆಲವರು ಅಮೆರಿಕ, ಜರ್ಮನಿಗಳಲ್ಲಿ ನೆಲೆಸಿದ್ದಾರೆ. ಇಲ್ಲಿಯವರು ಜೋಡಿಸಿದ ವಸ್ತುವನ್ನು ಅಲ್ಲಿಯವರು ಕೊಳ್ಳುವುದೂ ಉಂಟು. ಇವರಿಬ್ಬರ ನಡುವೆ ಒಂದು ಕಟ್ಟುನಿಟ್ಟಾದ ಪರೀಕ್ಷೆಯಿದೆ: ವಿದ್ಯುತ್ ಉಪಕರಣವೊಂದು ಪರದೇಶದ ಅಂಗಡಿಯನ್ನು ಹೊಗುವ ಮುನ್ನ ಎದುರಿಸಬೇಕಾದ ಸುರಕ್ಷತಾ ಪರೀಕ್ಷೆ. ವಿದ್ಯುತ್ತಿನ ಸೂತ್ರಗಳು ಭೌತಶಾಸ್ತ್ರದ ಮೇಷ್ಟರಿಗೆ ಸೇರಿದ್ದು. ಅದರ ಚರಿತ್ರೆಯನ್ನಷ್ಟೇ ನಾನು ಹೇಳಬಲ್ಲೆ.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆ ಯೋಜನೆಗೆ ಬೆಂಬಲವಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅವರು ಅದನ್ನು ಕಣ್ಣಾರೆ ಕಾಣದೆ 1901ರಲ್ಲಿಯೇ ತೀರಿಕೊಂಡಿದ್ದರು. ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಂತೂ ಆಮೇಲೆಯೂ ಎಷ್ಟೋ ಕಾಲ ಸೀಮೆಎಣ್ಣೆ ಬುಡ್ಡಿಯನ್ನೇ ನಂಬಿದ್ದವು.

ಹಡಗಿನಲ್ಲಿ ಬಂದ ಆ ಯಂತ್ರಗಳು ಮುಟ್ಟಿದವನ ಪ್ರಾಣ ತೆಗೆಯುವುದಿಲ್ಲವೆಂದು ಜಾಮೀನು ಕೊಟ್ಟವರು ಯಾರು? ತಯಾರಕನ ಹೆಸರು, ಕೊಂಡವರ ಇಂಜಿನಿಯರನ ಕಣ್ಣು, ಇವೆರಡೇ ಆಧಾರ. ದೇಶದೇಶಗಳ ಮಾನದಂಡಗಳನ್ನು ಹೊಂದಿಸಲು ಹೊರಟ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ ಹುಟ್ಟಿದ್ದೇ 1906ರಲ್ಲಿ, ಲಂಡನ್ನಿನಲ್ಲಿ.

ಅಮೆರಿಕದಲ್ಲಿ ಮಾತ್ರ ಇದಕ್ಕೆ ಮೊದಲೇ ಬೇರೊಂದು ದಾರಿ ತೆರೆದಿತ್ತು. 1893ರ ಷಿಕಾಗೋ ವಿಶ್ವಮೇಳ ನಮಗೆ ಸ್ವಾಮಿ ವಿವೇಕಾನಂದರಿಂದ ಪರಿಚಿತ. ಅದೇ ಮೇಳದಲ್ಲಿ ಸಾವಿರಾರು ವಿದ್ಯುದ್ದೀಪಗಳು ಉರಿದವು, ಜೊತೆಗೆ ಬೆಂಕಿಯ ಭಯವೂ ಹುಟ್ಟಿತು. ಅದನ್ನು ಪರಿಶೀಲಿಸಲು ವಿಮಾ ಕಂಪನಿಗಳ ಕಡೆಯಿಂದ ಬಂದ ವಿಲಿಯಂ ಹೆನ್ರಿ ಮೆರಿಲ್ ಎಂಬ ತರುಣ 1894ರಲ್ಲಿ ಪುಟ್ಟದೊಂದು ಪರೀಕ್ಷಾಲಯವನ್ನು ಆರಂಭಿಸಿದ. ಇಂದಿನ ‘ಯುಎಲ್’ ಮುದ್ರೆಯ ಮೂಲ ಅದು. ಗಮನಿಸಿ, ಇದು ಸರ್ಕಾರದ ಕಾನೂನಿನಿಂದಲೂ ಅಲ್ಲ, ದಯೆಯಿಂದಲೂ ಅಲ್ಲ, ಪರಿಹಾರ ಕೊಟ್ಟು ಸೋತವರ ಲೆಕ್ಕಾಚಾರದಿಂದ ಹುಟ್ಟಿದ್ದು. ಇಂದಿಗೂ ಅಲ್ಲಿ ಅಂಗಡಿಯವರು, ವಿಮೆಯವರು, ಊರಿನ ಕಟ್ಟಡ ತಪಾಸಣಾಧಿಕಾರಿಗಳು ಇಂಥ ಸ್ವತಂತ್ರ ಪರೀಕ್ಷಾಲಯದ ಮುದ್ರೆಯನ್ನು ಕೇಳುತ್ತಾರೆ. ಒಮ್ಮೆ ಮುದ್ರೆ ದೊರೆತರೆ ಮುಗಿಯಲಿಲ್ಲ. ಅವರ ತಪಾಸಕರು ಮುನ್ಸೂಚನೆಯಿಲ್ಲದೆ ಕಾರ್ಖಾನೆಗೇ ಬರುತ್ತಾರೆ, ಅದು ಯಾವ ದೇಶದಲ್ಲಿದ್ದರೂ ಸರಿ.

ಯುರೋಪಿನ ರೀತಿ ಬೇರೆ. 50ರಿಂದ 1,000 ವೋಲ್ಟ್ ಪರ್ಯಾಯ ವಿದ್ಯುತ್ತಿನ ಸಾಮಾನುಗಳಿಗೆ ಅಲ್ಲಿ 1973ರಲ್ಲಿ ನಿರ್ದೇಶನವೊಂದು ಬಂತು. ಅವುಗಳ ಮೇಲೆ ಕಾಣುವ ‘ಸಿಇ’ ಎಂಬುದನ್ನು ಯುರೋಪಿನ ಸರ್ಕಾರಗಳು ಕೊಟ್ಟ ಪದಕವೆಂದು ಬಹಳ ಮಂದಿ ಭಾವಿಸಿದ್ದಾರೆ. ಹಾಗಲ್ಲ. ಸಾಮಾನ್ಯ ಗೃಹೋಪಕರಣಗಳ ಮಟ್ಟಿಗೆ ಅದು ನಿಯಮಗಳನ್ನು ಪಾಲಿಸಿದ್ದೇನೆಂದು ತಯಾರಕನೇ ಮಾಡುವ ಘೋಷಣೆ. ಆಧಾರದ ಕಡತವನ್ನು ಆತ ಇಟ್ಟುಕೊಂಡಿರಬೇಕು, ಕೇಳಿದಾಗ ತೋರಿಸಬೇಕು.

ಪರೀಕ್ಷೆಯ ಬಗೆಯೂ ಸ್ವಾರಸ್ಯಕರ. ನಿರೋಧಕ ಕವಚದ ಮೇಲೆ ಬಳಕೆಗಿಂತ ಎಷ್ಟೋ ಪಟ್ಟು ಹೆಚ್ಚಿನ ವೋಲ್ಟೇಜು ಹಾಯಿಸುತ್ತಾರೆ. ಹೊರಮೈಗೆ ಸೋರುವ ವಿದ್ಯುತ್ತನ್ನು ಅಳೆಯುತ್ತಾರೆ. ತಿರುಗುವ ಮೋಟಾರನ್ನು ಬೇಕೆಂದೇ ತಡೆದು ಹಿಡಿದು, ಅದು ಬರಿದೇ ಕೆಡುತ್ತದೆಯೋ ಹೊತ್ತಿ ಉರಿಯುತ್ತದೆಯೋ ಎಂದು ನೋಡುತ್ತಾರೆ. ಕೆಟ್ಟರೆ ಅಡ್ಡಿಯಿಲ್ಲ, ಉರಿಯಬಾರದು. ಇದರ ಮೇಲೆ ಅಮೆರಿಕದಲ್ಲಿ 120 ವೋಲ್ಟ್, 60 ಆವರ್ತ; ನಮ್ಮಲ್ಲಿ 230 ವೋಲ್ಟ್, 50 ಆವರ್ತ. ಮಗಳ ಮನೆಗೆ ಇಲ್ಲಿಂದ ಮಿಕ್ಸರ್ ಹೊತ್ತುಕೊಂಡು ಹೋದ ಅಜ್ಜಿಯರಿಗೆ ಇದು ತಿಳಿದ ವಿಷಯವೇ.

ಒಮ್ಮೆ ನಡೆದ ಪರೀಕ್ಷೆಯ ವರದಿಯನ್ನು ಹಲವು ದೇಶಗಳು ಮನ್ನಿಸುವ ಏರ್ಪಾಡನ್ನೂ ಆ ಅಂತರರಾಷ್ಟ್ರೀಯ ಆಯೋಗ ಮಾಡಿದೆ. ಭಾರತವೂ ಅದರಲ್ಲಿದೆ. ನರಸಾಪುರದಲ್ಲಿ 2020ರಲ್ಲಿ ವಿಸ್ಟ್ರಾನ್ ಆರಂಭಿಸಿ, 2023ರಲ್ಲಿ ಟಾಟಾ ಸಂಸ್ಥೆಗೆ ಸೇರಿದ ಕಾರ್ಖಾನೆಯಿಂದ ಐಫೋನುಗಳು ಹೊರದೇಶಗಳಿಗೂ ಹೋಗುತ್ತವೆ. ಒಂದು ಕಾಲಕ್ಕೆ ಪರದೇಶದ ಯಂತ್ರಕ್ಕೆ ಕಾದು ಕುಳಿತ ಜಿಲ್ಲೆ ಇಂದು ಪರದೇಶದ ಪರೀಕ್ಷೆಗೆ ನಿಲ್ಲುವ ವಸ್ತುವನ್ನು ಮಾಡುತ್ತಿದೆ. ಶ್ರೀನಿವಾಸಪುರದ ಮಾವಿನ ಬೆಳೆಗಾರರಿಗೆ ಈ ಮಾತು ಹೊಸದಲ್ಲ. 2007ರಲ್ಲಿ ಅಮೆರಿಕ ನಮ್ಮ ಮಾವಿಗೆ ಬಾಗಿಲು ತೆರೆದಾಗಲೂ ಹಣ್ಣಿಗೆ ವಿಕಿರಣ ಸಂಸ್ಕರಣೆ ಆಗಲೇಬೇಕೆಂಬ ಷರತ್ತಿತ್ತು.

ನನ್ನನ್ನು ಕಾಡುವ ಸಂಗತಿ ಬೇರೆ. ಪರರಿಗಾಗಿ ಇಷ್ಟು ಪರೀಕ್ಷೆ ಮಾಡುವ ನಾವು ನಮ್ಮ ಮನೆಗೆ ಏನನ್ನು ಕೊಳ್ಳುತ್ತೇವೆ? ಕಾನೂನಿಗೆ ಕೊರತೆಯಿಲ್ಲ. ಭಾರತೀಯ ಮಾನಕ ಸಂಸ್ಥೆ 1947ರಲ್ಲಿ ಸ್ಥಾಪನೆಯಾಯಿತು, ಐಎಸ್‌ಐ ಮುದ್ರೆಗೆ 1952ರ ಕಾಯ್ದೆ ಆಧಾರವಾಯಿತು. ಗೃಹೋಪಯೋಗಿ ವಿದ್ಯುತ್ ಸಾಮಾನುಗಳಿಗೆ 1981ರ ಆದೇಶ, ಅನಂತರ 2003ರ ಆದೇಶ ಬಂದವು. ನಮ್ಮಲ್ಲಿ ಮಾರಲು ಬಯಸುವ ಪರದೇಶದ ತಯಾರಕನೂ ಈಗ ನಮ್ಮ ಮುದ್ರೆಯನ್ನು ಕೇಳಿ ಪಡೆಯಬೇಕು. 1902ರಲ್ಲಿ ಇದನ್ನು ಯಾರು ಊಹಿಸಿದ್ದರು? ಉಪಕರಣಗಳನ್ನು ಪರೀಕ್ಷಿಸಲು ಬೆಂಗಳೂರಿನಲ್ಲಿಯೇ 1960ರಿಂದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಿದೆ. ಇಷ್ಟಾದರೂ ಸಂತೆಯಲ್ಲಿ ಬಟ್ಟೆ ಹಾಸಿ ಮಾರುವ ಹೆಸರಿಲ್ಲದ ನೀರು ಕಾಯಿಸುವ ರಾಡನ್ನು ಐವತ್ತು ರೂಪಾಯಿ ಉಳಿತಾಯಕ್ಕಾಗಿ ಕೊಳ್ಳುವವರಿದ್ದಾರೆ. ಒದ್ದೆ ನೆಲದ ಬಚ್ಚಲುಮನೆಯಲ್ಲಿ ಅದನ್ನು ಮುಟ್ಟುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು.

ರಾಡು ಕೊಳ್ಳುವಾಗ ಮುದ್ರೆಯ ಮೇಲೆ ‘ಐಎಸ್ 368’ ಎಂದಿದೆಯೇ ನೋಡಿ. ಪ್ಲಗ್ಗಿಗಾದರೆ ‘ಐಎಸ್ 1293’. ಮುದ್ರೆಯ ಕೆಳಗೆ ಪರವಾನಗಿ ಸಂಖ್ಯೆ ಇರಬೇಕು. ಅದನ್ನು ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ. ಊರಿನಲ್ಲಿರುವ ತಾಯಂದಿರಿಗೆ ಆ್ಯಪ್ ಬಳಸುವುದು ಕಷ್ಟವಾದರೆ, ಫೋಟೋ ತರಿಸಿಕೊಂಡು ನೀವೇ ನೋಡಿ ಹೇಳಬಹುದು.