ಮೀನಿನ ತೊಟ್ಟಿಯ ತಳದಲ್ಲಿ ಏನಿರಬೇಕು? ನೂರಾ ಎಪ್ಪತ್ತೈದು ವರ್ಷಗಳ ಒಂದು ಕಥೆ



ಇತಿಹಾಸ ಅಂದ ತಕ್ಷಣ ನಮ್ಮ ತಲೆಗೆ ರಾಜರು, ಯುದ್ಧ, ಶಾಸನ ಬರುತ್ತೆ. ಇವತ್ತಿನ ವಿಷಯ ಅಷ್ಟು ದೊಡ್ಡದಲ್ಲ. ಮನೆಯಲ್ಲಿಡುವ ಸಣ್ಣ ಸಿಹಿನೀರಿನ ಅಕ್ವೇರಿಯಂ, ಅದರ ತಳದಲ್ಲಿ ಹಾಸುವ ಕಲ್ಲು, ಮರಳು, ಮಣ್ಣು. ಅಂಗಡಿಯವರು ಇದಕ್ಕೆ ಸಬ್‌ಸ್ಟ್ರೇಟ್ ಅಂತಾರೆ. ನಾನು ತಳಹಾಸು ಅಂತ ಕರೀತೀನಿ. ಇದರ ಹಿಂದೆ ಒಬ್ಬ ಅಪ್ಪ, ಒಬ್ಬ ಮಗ, ಮತ್ತೆ ಕಣ್ಣಿಗೆ ಕಾಣದ ಕೆಲಸಗಾರರ ಕಥೆ ಇದೆ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ.

ನಾನು ತೊಳೆದ ಭಾನುವಾರ

ನಾವಿರೋದು ಪುಣೆಯ ಬಾಡಿಗೆ ಫ್ಲ್ಯಾಟ್‌ನಲ್ಲಿ. ನಾಯಿ ಸಾಕಲು ಓನರ್ ಬಿಡಲ್ಲ. ಮಗಳು ಹಟ ಹಿಡಿದಳು ಅಂತ ಎರಡಡಿ ಉದ್ದದ ತೊಟ್ಟಿ ತಂದೆ. ಅಂಗಡಿಯವರು ನೀಲಿ ಬಣ್ಣದ ಕಲ್ಲು, ಮೇಲೊಂದಿಷ್ಟು ಬಿಳಿ ಮಾರ್ಬಲ್ ಚೂರು ಕೊಟ್ಟರು. ಹನ್ನೊಂದು ಮೀನು. ಮೂರು ತಿಂಗಳು ಚೆನ್ನಾಗೇ ಇತ್ತು. ಕಲ್ಲಿನ ಮೇಲೆ ಕಂದು ಪೊರೆ ಕಟ್ಟಿತ್ತು, ನೋಡೋಕೆ ಅಸಹ್ಯ. ದೀಪಾವಳಿಗೆ ಊರಿಗೆ ಹೊರಡೋ ಮುಂಚಿನ ಭಾನುವಾರ ಎಲ್ಲವನ್ನೂ ಹೊರತೆಗೆದು, ಕಲ್ಲಿಗೆ ಬಿಸಿನೀರು ಸುರಿದು ಉಜ್ಜಿದೆ. ನೀರು ಪೂರ್ತಿ ಬದಲಾಯಿಸಿದೆ. ತೊಟ್ಟಿ ಫಳಫಳ ಹೊಳೀತಾ ಇತ್ತು.

ಮೂರನೇ ದಿನಕ್ಕೆ ನೀರು ಹಾಲಿನಂತೆ ಮಬ್ಬಾಯಿತು. ವಾರದೊಳಗೆ ಎಂಟು ಮೀನು ಹೋದವು. ಮಗಳು ಅಳ್ತಾ ಒಂದು ಪ್ರಶ್ನೆ ಕೇಳಿದಳು: "ಅಪ್ಪಾ, ನೀನು ಎಲ್ಲಾ ತೊಳೆದಿದ್ದೆಯಲ್ಲಾ, ಆದ್ರೂ ಯಾಕೆ ಸತ್ತೋದ್ವು?"

ಎಂ.ಟೆಕ್ ಮಾಡಿದವನ ಹತ್ರ ಉತ್ತರ ಇರಲಿಲ್ಲ. ಉತ್ತರ ಹುಡುಕ್ತಾ ಹೋದರೆ ಅದು ನನ್ನನ್ನು 1849ರ ಲಂಡನ್‌ಗೆ ಕರೆದುಕೊಂಡು ಹೋಯಿತು.

ಅಪ್ಪ: ಮರಳು, ಕೆಸರು, ಎರಡು ಮೀನು

ಅದಕ್ಕಿಂತ ಮುಂಚೆ ಮೀನು ಸಾಕುತ್ತಿರಲಿಲ್ವಾ? ಸಾಕುತ್ತಿದ್ದರು. ಚೀನಾದಲ್ಲಿ ಶತಮಾನಗಳಿಂದ ಹೊನ್ನಮೀನು ಸಾಕುತ್ತಿದ್ದರು. ಯೂರೋಪಿನಲ್ಲಿ ದುಂಡನೆ ಗಾಜಿನ ಬಟ್ಟಲು ಬಂದಿತ್ತು. ಆದರೆ ಬಟ್ಟಲಿನ ತಳ ಖಾಲಿ. ದಿನವೂ ನೀರು ಬದಲಾಯಿಸುತ್ತಾ ಇರಬೇಕು, ಇಲ್ಲಾಂದ್ರೆ ಮೀನು ಸಾಯುತ್ತೆ. ಅಂದರೆ ಮೆಂಟೆನೆನ್ಸ್ ಪೂರ್ತಿ ಮನುಷ್ಯನ ತಲೆಮೇಲೆ.

ಲಂಡನ್ನಿನ ಪೂರ್ವ ಭಾಗದಲ್ಲಿ ನಥಾನಿಯಲ್ ವಾರ್ಡ್ ಅಂತ ಒಬ್ಬ ಡಾಕ್ಟರ್ ಇದ್ದರು. 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಮುಚ್ಚಿದ ಬಾಟಲಿಯಲ್ಲಿ ಇಟ್ಟರು. ಆ ಮಣ್ಣಿನಲ್ಲಿ ಒಂದು ಜರೀಗಿಡ ಚಿಗುರಿತು, ಯಾರೂ ನೀರು ಹಾಕದೆ ಬೆಳೆಯಿತು. ಇದರಿಂದ ಹುಟ್ಟಿದ್ದು ವಾರ್ಡ್ ಪೆಟ್ಟಿಗೆ. ಚೀನಾದ ಚಹಾ ಗಿಡಗಳು ಹಡಗು ಹತ್ತಿ ನಮ್ಮ ಹಿಮಾಲಯದ ತಪ್ಪಲಿಗೆ ಜೀವಂತವಾಗಿ ಬಂದಿದ್ದು ಇಂಥ ಪೆಟ್ಟಿಗೆಗಳಲ್ಲೇ. ಮುಚ್ಚಿದ ಗಾಜಿನೊಳಗೆ ಒಂದು ಪುಟ್ಟ ಲೋಕ ತನ್ನಷ್ಟಕ್ಕೆ ನಡೆಯಬಹುದು ಅನ್ನೋ ಐಡಿಯಾ ಹೀಗೆ ಬಂತು.

ಅದೇ ಊರಿನಲ್ಲಿ ರಾಬರ್ಟ್ ವಾರಿಂಗ್ಟನ್ ಅನ್ನೋ ಕೆಮಿಸ್ಟ್ ಇದ್ದರು. ಲಂಡನ್ನಿನ ಕೆಮಿಕಲ್ ಸೊಸೈಟಿ 1841ರಲ್ಲಿ ಶುರುವಾಗಲು ಕಾರಣರಾದವರಲ್ಲಿ ಒಬ್ಬರು. 1849ರಲ್ಲಿ ಅವರು 12 ಗ್ಯಾಲನ್, ಅಂದ್ರೆ ಸುಮಾರು 54 ಲೀಟರ್ ಹಿಡಿಯುವ ಗಾಜಿನ ಪಾತ್ರೆ ತಗೊಂಡರು. ಹೆಚ್ಚುಕಮ್ಮಿ ನಮ್ಮ ಮನೆಯ ಎರಡಡಿ ತೊಟ್ಟಿಯಷ್ಟೇ. ಅದರ ತಳದಲ್ಲಿ ಮರಳು, ಕೆಸರು, ಕೆಲವು ಕಲ್ಲು, ಸುಣ್ಣಕಲ್ಲಿನ ಚೂರು. ಕೆಸರಿನಲ್ಲಿ ವ್ಯಾಲಿಸ್ನೇರಿಯಾ ಅನ್ನೋ ಉದ್ದನೆ ರಿಬ್ಬನ್ ಎಲೆಯ ಗಿಡ. ಎರಡು ಹೊನ್ನಮೀನು.

ಸ್ವಲ್ಪ ದಿನಕ್ಕೆ ಗಿಡದ ಹಳೇ ಎಲೆ ಕೊಳೆತು ನೀರು ಕೆಟ್ಟಿತು. ಇಲ್ಲಿ ನಾನಾಗಿದ್ರೆ ಎಲ್ಲಾ ತೊಳೆದುಬಿಡ್ತಿದ್ದೆ. ವಾರಿಂಗ್ಟನ್ ಹಾಗೆ ಮಾಡಲಿಲ್ಲ. ಕೆರೆಯಲ್ಲಿ ಈ ಕೊಳೆತ ಎಲೆ ಯಾರು ತಿಂತಾರೆ ಅಂತ ಯೋಚಿಸಿ, ಕೆಲವು ನೀರಿನ ಬಸವನಹುಳ ತಂದು ಬಿಟ್ಟರು. ಹುಳ ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. ಹುಳದ ಮೊಟ್ಟೆಗಳು ಮೀನಿಗೆ ಆಹಾರವೂ ಆದವು. 1850ರಲ್ಲಿ ಈ ಪ್ರಯೋಗವನ್ನು ಕೆಮಿಕಲ್ ಸೊಸೈಟಿಯ ಮುಂದಿಟ್ಟರು. ಗಿಡ, ಮೀನು, ಹುಳ ಮೂರೂ ಸೇರಿದರೆ ಸಮತೋಲನ ಬರುತ್ತೆ ಅನ್ನೋದು ಅವರ ವಾದ.

ಗಮನಿಸಿ, ಮರಳು-ಕೆಸರಿಗೆ ಅವರ ಲೆಕ್ಕದಲ್ಲಿ ಪಾತ್ರವೇ ಇರಲಿಲ್ಲ. ಅದು ಗಿಡದ ಬೇರಿಗೆ ಆಧಾರ, ಅಷ್ಟೇ.

ಆಮೇಲೆ ಇದು ಹುಚ್ಚಿನ ಹಾಗೆ ಹರಡಿತು. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆ ತೆಗೆದಿತ್ತು, ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಸಾರ್ವಜನಿಕರಿಗೆ ಮೀನುಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಅನ್ನೋ ಹೆಸರು ಮನೆಮಾತಾಯಿತು.

ಮಗ: ಮಣ್ಣಿನೊಳಗೆ ಯಾರಿದ್ದಾರೆ?

ಆ ಗಾಜಿನ ಪಾತ್ರೆ ಇಟ್ಟಾಗ ವಾರಿಂಗ್ಟನ್ ಅವರ ಮಗನಿಗೆ ಹತ್ತು ವರ್ಷ. ಅವನ ಹೆಸರೂ ರಾಬರ್ಟ್ ವಾರಿಂಗ್ಟನ್ನೇ. ಅಪ್ಪ 1867ರಲ್ಲಿ ತೀರಿಕೊಂಡರು. ಮಗ ಕೃಷಿ ರಸಾಯನಶಾಸ್ತ್ರ ಹಿಡಿದು, 1876ರಲ್ಲಿ ರೋಥಮ್‌ಸ್ಟೆಡ್ ಅನ್ನೋ ಕೃಷಿ ಸಂಶೋಧನಾ ಕೇಂದ್ರ ಸೇರಿದ. ಹೊಲಕ್ಕೆ ಹಾಕಿದ ಗೊಬ್ಬರದ ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತಲ್ಲ, ಅದನ್ನು ಮಾಡೋದು ಯಾರು ಅನ್ನೋದು ಆಗಿನ ದೊಡ್ಡ ಪ್ರಶ್ನೆ.

1877ರಲ್ಲಿ ಪ್ಯಾರಿಸ್‌ನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಒಂದು ಚೆಂದದ ಪ್ರಯೋಗ ಮಾಡಿದರು. ಒಂದು ಕೊಳವೆಯಲ್ಲಿ ಮರಳು, ಸುಣ್ಣಕಲ್ಲು ತುಂಬಿ, ಮೇಲಿಂದ ಚರಂಡಿ ನೀರನ್ನು ನಿಧಾನವಾಗಿ ಹಾಯಿಸಿದರು. ಮೊದಲ ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗೆ ಬರುವ ನೀರಿನಲ್ಲಿ ಅಮೋನಿಯಾ ಮಾಯವಾಗಿ ನೈಟ್ರೇಟ್ ಬರತೊಡಗಿತು. ಬರೀ ರಾಸಾಯನಿಕ ಕ್ರಿಯೆ ಆಗಿದ್ದರೆ ಇಪ್ಪತ್ತು ದಿನ ಯಾಕೆ ಕಾಯಬೇಕು? ಕೊಳವೆಗೆ ಕ್ಲೋರೋಫಾರ್ಮ್ ಆವಿ ಕೊಟ್ಟರು, ಕೆಲಸ ನಿಂತಿತು. ಸ್ವಲ್ಪ ಹೊಸ ಮಣ್ಣು ಕದಡಿದ ನೀರು ಹಾಕಿದರು, ಮತ್ತೆ ಶುರುವಾಯಿತು. ಅಂದರೆ ಮರಳಿನ ಮೇಲೆ ಜೀವ ಇದೆ.

ನಮ್ಮ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರೋ ಸಂಗತಿ, ಹೆಸರು ಬೇರೆ ಅಷ್ಟೇ. ಹಾಲಿಗೆ ಹೆಪ್ಪು ಹಾಕಿದ ತಕ್ಷಣ ಮೊಸರಾಗಲ್ಲ, ಕಾಯಬೇಕು. ಹೆಪ್ಪು ಕಾದು ಹೋದರೆ ಮೊಸರಿಲ್ಲ. ಪಕ್ಕದ ಮನೆಯಿಂದ ಒಂದು ಚಮಚ ತಂದರೆ ಮತ್ತೆ ಆಗುತ್ತೆ.

ಮಗ ವಾರಿಂಗ್ಟನ್ ಈ ದಾರಿಯಲ್ಲೇ ವರ್ಷಗಟ್ಟಲೆ ದುಡಿದ. ಕೆಲಸ ಎರಡು ಹಂತದ್ದು ಅಂತ ತೋರಿಸಿದ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತೆ. ಆದರೆ ಆ ಜೀವಿಗಳನ್ನು ಬೇರೆ ಮಾಡಿ ಹಿಡಿಯಲು ಅವನಿಂದ ಆಗಲಿಲ್ಲ. 1890ರಲ್ಲಿ ಜ್ಯೂರಿಕ್‌ನಲ್ಲಿದ್ದ ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿದರು. ಎಲ್ಲರೂ ಪೌಷ್ಟಿಕವಾದ ಜೆಲಾಟಿನ್ ಮೇಲೆ ಬೆಳೆಸೋಕೆ ನೋಡ್ತಿದ್ದರು. ಈ ಬ್ಯಾಕ್ಟೀರಿಯಾಗಳಿಗೆ ಅಂಥ ಊಟ ಬೇಡ, ಅಮೋನಿಯಾ ಸಾಕು. ಅದಕ್ಕೇ ವಿನೊಗ್ರಾಡ್‌ಸ್ಕಿ ಆಮೇಲೆ ಸಿಲಿಕಾ ಜೆಲ್ ಬಳಸಿದರು. ಸಿಲಿಕಾ ಅಂದ್ರೆ ನಮ್ಮ ಮರಳಿನಲ್ಲಿರುವ ಅದೇ ವಸ್ತು.

ಈಗ ಅಪ್ಪನ ತೊಟ್ಟಿಗೆ ವಾಪಸ್ ಬನ್ನಿ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತೆ, ಅದು ಮೀನಿಗೇ ವಿಷ. ಆ ವಿಷವನ್ನು ಗಿಡ ಸ್ವಲ್ಪ ಹೀರಿತು. ಉಳಿದದ್ದನ್ನು ತಿಂದದ್ದು ಆ ಮರಳು-ಕೆಸರಿನ ಮೇಲೆ ಕೂತವರು. ಅಪ್ಪ ತಳದಲ್ಲಿ ಇಟ್ಟು ಮರೆತದ್ದನ್ನು ಮಗ ಬೇರೆ ದಾರಿಯಿಂದ, ಹೊಲದ ಮಣ್ಣಿನಲ್ಲಿ ಕಂಡುಕೊಂಡ. ಅಪ್ಪ ಅದನ್ನು ತಿಳಿಯಲು ಬದುಕಿರಲಿಲ್ಲ.

ನಾನು ಬಿಸಿನೀರು ಹಾಕಿ ಉಜ್ಜಿದ ಆ ಕಂದು ಪೊರೆ ಇತ್ತಲ್ಲ, ನಾನು ಚರಂಡಿಗೆ ಚೆಲ್ಲಿದ್ದು ಇವರನ್ನೇ. ಮಗಳ ಪ್ರಶ್ನೆಗೆ ಉತ್ತರ ಇದು: ತೊಳೆದಿದ್ದಕ್ಕೇ ಸತ್ತವು.

ಜಾಗದ ಲೆಕ್ಕ

ಒಂದು ಸಣ್ಣ ಲೆಕ್ಕ ಮಾಡೋಣ. ತೊಟ್ಟಿ 60 ಸೆಂ.ಮೀ. ಉದ್ದ, 30 ಅಗಲ, 35 ಎತ್ತರ. ಒಳಗಿನ ಗಾಜಿನ ಮೇಲ್ಮೈ ತಳ ಸೇರಿ 0.81 ಚದರ ಮೀಟರ್. ತಳದಲ್ಲಿ 4 ಸೆಂ.ಮೀ. ಎತ್ತರಕ್ಕೆ ಕಲ್ಲು ಹಾಸಿದರೆ 7.2 ಲೀಟರ್, ತೂಕದಲ್ಲಿ ಸುಮಾರು 11 ಕೆ.ಜಿ. ಒಂದೊಂದು ಕಲ್ಲು 3 ಮಿ.ಮೀ. ಗುಂಡು, ನಡುವೆ ಶೇ. 40 ಖಾಲಿ ಜಾಗ ಅಂತ ಇಟ್ಕೊಂಡರೆ, ಎಲ್ಲಾ ಕಲ್ಲುಗಳ ಮೇಲ್ಮೈ ಒಟ್ಟು ಎಂಟೂವರೆ ಚದರ ಮೀಟರ್‌ಗಿಂತ ಜಾಸ್ತಿ. ಹೆಚ್ಚುಕಮ್ಮಿ ಹತ್ತಡಿಗೆ ಹತ್ತಡಿ ಕೋಣೆಯ ನೆಲ! ಗಾಜಿನ ಹತ್ತರಷ್ಟು. ಬ್ಯಾಕ್ಟೀರಿಯಾಗೆ ಬೇಕಿರೋದು ಅಂಟಿಕೊಂಡು ಕೂರಲು ಜಾಗ, ಮತ್ತೆ ಆಮ್ಲಜನಕ. ಪುಡಿ ಮರಳಾದರೆ ಲೆಕ್ಕದಲ್ಲಿ ಮೇಲ್ಮೈ ಇನ್ನೂ ಜಾಸ್ತಿ, ಆದರೆ ಒಳಗೆ ನೀರೇ ಆಡಲ್ಲ. ತೀರಾ ದಪ್ಪ ಕಲ್ಲಾದರೆ ಸಂದಿಯಲ್ಲಿ ತಿಂಡಿ ಸಿಕ್ಕಿ ಕೊಳೆಯುತ್ತೆ.

ಅತಿಯಾದ ಜಾಣತನ

ಬ್ಯಾಕ್ಟೀರಿಯಾ ಗೊತ್ತಾದ ಮೇಲೆ ಇಂಜಿನಿಯರ್‌ಗಳು ಸುಮ್ಮನಿರ್ತಾರಾ? 1950ರ ದಶಕದಲ್ಲಿ ಅಮೆರಿಕದಲ್ಲಿ ಅಂಡರ್‌ಗ್ರಾವೆಲ್ ಫಿಲ್ಟರ್ ಜನಪ್ರಿಯವಾಯಿತು. ಕಲ್ಲಿನ ಕೆಳಗೆ ತೂತಿನ ಪ್ಲಾಸ್ಟಿಕ್ ತಟ್ಟೆ, ಗಾಳಿ ಪಂಪಿನಿಂದ ನೀರನ್ನು ಕಲ್ಲಿನ ಮೂಲಕ ಕೆಳಕ್ಕೆ ಎಳೆಯೋದು. ಕಲ್ಲುಹಾಸೇ ಫಿಲ್ಟರ್. ಚೆನ್ನಾಗಿ ಕೆಲಸ ಮಾಡ್ತಿತ್ತು, ಆದರೆ ಕಸವೂ ಕೆಳಗೆ ಇಳಿದು ತಟ್ಟೆಯಡಿ ಸೇರುತ್ತಿತ್ತು. ಕೊನೆಗೆ ಎಲ್ಲಾ ಕಿತ್ತು ತೊಳೆಯೋ ಕೆಲಸ ತಪ್ಪಲಿಲ್ಲ.

ಜಪಾನಿನ ತಕಾಶಿ ಅಮಾನೊ ದಾರಿ ಬೇರೆ. ಸೈಕಲ್ ರೇಸ್ ಮಾಡ್ತಿದ್ದವರು, ಫೋಟೋಗ್ರಾಫರ್. 1982ರಲ್ಲಿ ಕಂಪನಿ ಶುರು ಮಾಡಿ, ತೊಟ್ಟಿಯೊಳಗೆ ಕಾಡು, ಬೆಟ್ಟ, ಹುಲ್ಲುಗಾವಲು ಬೆಳೆಸಿದರು. ಅದಕ್ಕಾಗಿ ಸಾರವಿರುವ ಮಣ್ಣಿನ ಗುಳಿಗೆಗಳು ಬಂದವು. ನೋಡೋಕೆ ಅದ್ಭುತ. ಆದರೆ ಆ ಮಣ್ಣು ಮೊದಮೊದಲು ತಾನೇ ಅಮೋನಿಯಾ ಬಿಡುತ್ತೆ, ವರ್ಷಗಳಲ್ಲಿ ಸಾರ ಕಳೆದು ಪುಡಿಯಾಗುತ್ತೆ. ಕತ್ತರಿ ಹಿಡಿದು ಕೂರೋ ತಾಳ್ಮೆ ಇದ್ದವರಿಗೆ ಅದು.

1999ರಲ್ಲಿ ಅಮೆರಿಕದ ಡಯಾನಾ ವಾಲ್‌ಸ್ಟಡ್ ಪುಸ್ತಕ ಬರೆದು ಮತ್ತೆ ವಾರಿಂಗ್ಟನ್ ಕಡೆಗೇ ತಿರುಗಿದರು. ಒಂದಂಗುಲ ತೋಟದ ಮಣ್ಣು, ಅದರ ಮೇಲೆ ಒಂದಂಗುಲ ಕಲ್ಲು, ತುಂಬಾ ಗಿಡ, ಕಡಿಮೆ ಮೀನು. ಆಮೇಲೆ ಕೈ ಹಾಕಬೇಡಿ. ಇದು ನಿಜಕ್ಕೂ ಕಡಿಮೆ ಕೆಲಸದ್ದು. ಒಂದೇ ತೊಂದರೆ, ನಮ್ಮಂತೆ ಎರಡು ವರ್ಷಕ್ಕೊಮ್ಮೆ ಮನೆ ಬದಲಾಯಿಸುವವರಿಗೆ ತೊಟ್ಟಿ ಎತ್ತಿದರೆ ಎಲ್ಲಾ ಕೆಸರು.

ಹಾಗಾದ್ರೆ ನಾನು ಏನು ಹಾಕಿದೆ?

ಬಣ್ಣ ಇಲ್ಲದ, ನುಣುಪಾದ ಬೆಣಚುಕಲ್ಲು, 2ರಿಂದ 4 ಮಿ.ಮೀ., ಹನ್ನೊಂದು ಕೆ.ಜಿ. ಅಂಗಡಿಯಲ್ಲೇ ಎರಡು ಹನಿ ವಿನೆಗರ್ ಹಾಕಿ ನೋಡಿದೆ, ನೊರೆ ಬರಲಿಲ್ಲ. ನೊರೆ ಬಂದರೆ ಅದರಲ್ಲಿ ಸುಣ್ಣ ಇದೆ ಅಂತ, ನಿಧಾನವಾಗಿ ಕರಗಿ ನೀರನ್ನು ಗಡಸು ಮಾಡುತ್ತೆ. ಹೈದರಾಬಾದ್, ಚೆನ್ನೈ, ಬೆಂಗಳೂರಿನ ಬೋರ್‌ವೆಲ್ ನೀರು ಮೊದಲೇ ಗಡಸಾಗಿದ್ದರೆ ಮಾರ್ಬಲ್ ಚೂರು ಹಾಕಲೇಬೇಡಿ.

ಹೊಸ ಕಲ್ಲಿಗೆ ಗೆಳೆಯನ ಹಳೇ ತೊಟ್ಟಿಯಿಂದ ಎರಡು ಹಿಡಿ ಕಲ್ಲು ತಂದು ಬೆರೆಸಿದೆ. ಹೆಪ್ಪು! ವ್ಯಾಲಿಸ್ನೇರಿಯಾ, ಕ್ರಿಪ್ಟೋಕೊರೈನ್ ನೆಟ್ಟೆ. ಎರಡೂ ನಮ್ಮ ನೆಲದಲ್ಲೂ ಇರೋ ಗಿಡಗಳು, ಕ್ರಿಪ್ಟೋಕೊರೈನ್ ಜಾತಿಯ ಕೆಲವು ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಬೆಳೆಯುತ್ತವೆ. ಬೇರಿನ ಹತ್ತಿರ ಗೊಬ್ಬರದ ಮಾತ್ರೆ ಹುದುಗಿಸಿದೆ. ಬಸವನಹುಳ ಗಿಡದ ಜೊತೆ ತಾನಾಗೇ ಬಂತು. ಮೀನು ಒಂದೇ ಸಲ ಬಿಡಲಿಲ್ಲ, ವಾರಗಳ ಅಂತರದಲ್ಲಿ ಎರಡೆರಡು.

ಎರಡು ವಾರಕ್ಕೊಮ್ಮೆ ಪೈಪು ಹಾಕಿ ಕಾಲು ಭಾಗ ನೀರು ತೆಗೀತೀನಿ, ಆಗ ಕಲ್ಲಿನ ಅರ್ಧ ಭಾಗದ ಮೇಲಿನ ಕಸ ಮಾತ್ರ. ಇನ್ನರ್ಧ ಮುಂದಿನ ಸಲ. ಹಾಕುವ ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ಹಾಕ್ತೀನಿ. ಕಳೆದ ದೀಪಾವಳಿಗೆ ಊರಿಗೆ ಹತ್ತು ದಿನ ಹೋಗಿ ಬಂದೆವು. ಬಾಗಿಲು ತೆಗೆದ ತಕ್ಷಣ ಮಗಳು ಚಪ್ಪಲಿನೂ ಬಿಡದೆ ಓಡಿಹೋಗಿ ಎಣಿಸಿದಳು. ಎಲ್ಲವೂ ಇದ್ದವು.

ಕೊನೆಯ ಮಾತು

ಈ ಕಥೆ ಇನ್ನೂ ಮುಗಿದಿಲ್ಲ. ನೈಟ್ರೈಟ್ ತಿನ್ನೋದು ನೈಟ್ರೋಬ್ಯಾಕ್ಟರ್ ಅಂತ ಪುಸ್ತಕಗಳಲ್ಲಿ ಓದುತ್ತಿದ್ದೆವು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡೋದು ನೈಟ್ರೋಸ್ಪೈರಾ ಅಂತ 1998ರಲ್ಲಿ ಗೊತ್ತಾಯಿತು. 2015ರಲ್ಲಿ ಇನ್ನೊಂದು ಅಚ್ಚರಿ. ಎರಡೂ ಹಂತವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಅಂತ ಎರಡು ತಂಡಗಳು ತೋರಿಸಿದವು. ಅದರಲ್ಲಿ ಒಂದು, ನೆದರ್‌ಲ್ಯಾಂಡ್ಸ್‌ನ ತಂಡ, ಅದನ್ನು ಕಂಡಿದ್ದು ಮೀನು ಸಾಕುವ ತೊಟ್ಟಿಗಳ ಫಿಲ್ಟರ್‌ನಲ್ಲಿ. ಮಗ ವಾರಿಂಗ್ಟನ್ ಎರಡು ಅಂದಿದ್ದ ಕೆಲಸಕ್ಕೆ ಒಬ್ಬನೇ ಸಾಕು ಅನ್ನೋ ಉತ್ತರ ಕೊನೆಗೆ ಅಪ್ಪನ ಮೀನಿನ ತೊಟ್ಟಿಯ ಕಡೆಯಿಂದಲೇ ಬಂತು ನೋಡಿ.

ಕಡಿಮೆ ಮೆಂಟೆನೆನ್ಸ್ ಅಂದ್ರೆ ಕೆಲಸ ಇಲ್ಲ ಅಂತಲ್ಲ. ಕೆಲಸ ಮಾಡೋರು ಬೇರೆ ಇದ್ದಾರೆ, ಅವರಿಗೆ ಕೂರಲು ಜಾಗ ಕೊಟ್ಟು, ಅವರನ್ನು ತೊಳೆದು ಹಾಕದೆ ಇರೋದು ನಮ್ಮ ಪಾಲಿನ ಕೆಲಸ. ನಿಮ್ಮ ತೊಟ್ಟಿಯ ತಳದಲ್ಲಿ ಏನಿದೆ, ನೀವು ಎಂಥ ತಪ್ಪು ಮಾಡಿದ್ದೀರಿ, ನಮಗೂ ಹೇಳಿ.